ಸಮಾಜ ಸಂಶೋಧನೆಯ ಹಿಂದಿರುವ ತತ್ವಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಎ. ಕಿರುಪ್ರಬಂಧ ಬರೆಯುವವರು, ಪಿಎಚ್.ಡಿ.ಗೆ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ತಯಾರು ಮಾಡುವವರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದುಗೂಡಿಸಿದ್ದೇನೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಕಾರ್ಯ, ಯಾವ ವಿಭಾಗದವರಾದರೂ ತೊಡಕು ಬರುವುದು ಹೆಚ್ಚುಕಡಿಮೆ ಇದೇ ಜಾಗಗಳಲ್ಲಿ. ಉದಾಹರಣೆಗಳನ್ನು ಆದಷ್ಟೂ ನಮ್ಮ ಕಡೆಯಿಂದಲೇ ತೆಗೆದುಕೊಂಡಿದ್ದೇನೆ.

ನಾನು ಮಾಡುತ್ತಿರುವುದು ಸರ್ವೆ. ಅದರಲ್ಲಿ ತತ್ವಶಾಸ್ತ್ರಕ್ಕೆ ಏನು ಕೆಲಸ?

ಫಾರಂನಲ್ಲಿ ಮೊದಲ ಪ್ರಶ್ನೆ ಬರೆದ ಕೂಡಲೇ ತತ್ವಶಾಸ್ತ್ರ ಶುರುವಾಗಿರುತ್ತದೆ. ನನಗೆ ಇದು ತಿಳಿದಿದ್ದು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ, ನನ್ನ ಪಿಎಚ್.ಡಿ. ಕ್ಷೇತ್ರಕಾರ್ಯದ ಮೊದಲ ವಾರ. ಬೆಳಗ್ಗೆ ಎಂಟು ಗಂಟೆ ಇರಬಹುದು. ಒಬ್ಬ ಹೆಂಗಸು ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡು ಮನೆಗೆ ಬಂದರು. ನಾನು ಜಗಲಿಯ ಮೇಲೆ ಕೂತು ಫಾರಂ ತೆಗೆದೆ. ‘ನೀವೇನು ಕೆಲಸ ಮಾಡ್ತೀರಮ್ಮಾ?’ ಎಂದು ಕೇಳಿದೆ. ‘ನಂದೇನ್ ಕೆಲ್ಸ ಮೇಡಮ್ಮೋರೆ, ಸುಮ್ನೆ ಮನೇಲಿರೋಳು’ ಎಂದರು. ಹಾಗೆನ್ನುತ್ತಲೇ ಕೊಟ್ಟಿಗೆಗೆ ಹೋಗಿ ಸಗಣಿ ಬಾಚತೊಡಗಿದರು. ಉಳಿದ ಪ್ರಶ್ನೆಗಳಿಗೆಲ್ಲ ಅಲ್ಲಿಂದಲೇ ಉತ್ತರ. ಎರಡು ಸೀಮೆ ಹಸು, ಒಂದು ಕರು. ಹುಲ್ಲು ಕೊಯ್ಯುವುದು, ಮೈ ತೊಳೆಯುವುದು, ಎರಡು ಹೊತ್ತು ಹಾಲು ಕರೆಯುವುದು ಎಲ್ಲ ಅವರೇ. ಡೈರಿಯ ಪಾಸ್‌ಬುಕ್ ಮಾತ್ರ ಗಂಡನ ಹೆಸರಲ್ಲಿತ್ತು. ನಾನು ‘ಗೃಹಿಣಿ’ ಎಂಬಲ್ಲಿ ಗುರುತು ಹಾಕಿದೆ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಅವರು ಹೇಳಿದ್ದನ್ನೇ ನಾನು ಬರೆದೆ. ಆದರೂ ಬರೆದದ್ದು ನಿಜವಾಗಿರಲಿಲ್ಲ. ಕೂಲಿಯೋ ಸಂಬಳವೋ ಕೈಗೆ ಬಂದರೆ ಮಾತ್ರ ಅದು ‘ಕೆಲಸ’ ಎಂದು ಅವರು ತಿಳಿದಿದ್ದರು. ಫಾರಂ ತಯಾರಿಸಿದ ನಾನೂ, ಯೋಚನೆ ಮಾಡದೆ, ಅದನ್ನೇ ನಂಬಿದ್ದೆ.

ಇದು ನನ್ನೊಬ್ಬಳ ಫಾರಂನ ಸಮಸ್ಯೆ ಅಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಪ್ರತಿಯೊಬ್ಬರ ಚಟುವಟಿಕೆಗೂ ಒಂದು ಕೋಡ್ ಕೊಡುತ್ತಾರೆ. 92 ಅಂದರೆ ಬರೀ ಮನೆಗೆಲಸ. 93 ಅಂದರೆ ಮನೆಗೆಲಸದ ಜೊತೆಗೆ ಸೌದೆ ತರುವುದು, ಮನೆಬಳಕೆಗೆ ಹೊಲಿಯುವುದು ಮುಂತಾದವು. ಈ ಎರಡೂ ಕೋಡ್‌ನವರು ದುಡಿಯುವವರ ಲೆಕ್ಕದಿಂದ ಹೊರಗೆ. ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ 21 ಎಂಬ ಬೇರೆ ಕೋಡ್ ಇದೆ. ಹಾಲು ಮಾರುವ ಮನೆಯ ಆ ಹೆಂಗಸು ಸೇರಬೇಕಾದದ್ದು ಅಲ್ಲಿಗೆ. ‘ಮನೇಲಿರೋಳು’ ಎಂಬ ಒಂದೇ ಮಾತಿಗೆ ಅವರು 92ಕ್ಕೆ ಜಾರಿಬಿಡುತ್ತಾರೆ.

2019ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಯಿತು. ಅದರಲ್ಲಿ ಕೇಳಿದ ರೀತಿಯೇ ಬೇರೆ. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಗೆ ಏನೇನು ಮಾಡಿದಿರಿ ಎಂದು ಕೇಳಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿದಿದ್ದರು. ಜನ ಅಂಥವರೇ, ಮನೆಗಳೂ ಅಂಥವೇ. ‘ಕೆಲಸ ಅಂದರೇನು’ ಎಂಬುದನ್ನು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಲಿಲ್ಲ, ಅಷ್ಟೇ. ಈ ತೀರ್ಮಾನಕ್ಕೇ ನಾನು ತತ್ವಶಾಸ್ತ್ರ ಎನ್ನುತ್ತಿರುವುದು.

ಆಂಟಾಲಜಿ, ಎಪಿಸ್ಟೆಮಾಲಜಿ: ಸರಳವಾಗಿ ಹೇಳಿ.

‘ಏನಿದೆ?’ ಎಂಬುದು ಆಂಟಾಲಜಿಯ ಪ್ರಶ್ನೆ. ‘ಅದು ಇದೆ ಅಂತ ನನಗೆ ಹೇಗೆ ಗೊತ್ತು?’ ಎಂಬುದು ಎಪಿಸ್ಟೆಮಾಲಜಿಯ ಪ್ರಶ್ನೆ. ಪಠ್ಯಪುಸ್ತಕಗಳಲ್ಲಿ ಇವಕ್ಕೆ ಸತ್ತಾಮೀಮಾಂಸೆ, ಜ್ಞಾನಮೀಮಾಂಸೆ ಎಂಬ ಹೆಸರುಗಳಿವೆ.

ಜಾತಿಯನ್ನೇ ತೆಗೆದುಕೊಳ್ಳಿ. ರಸ್ತೆಯಲ್ಲಿ ಒಂದು ಕಲ್ಲು ಬಿದ್ದಿದೆ. ನೀವು ಒಪ್ಪಿದರೂ ಅದು ಇರುತ್ತದೆ, ಒಪ್ಪದಿದ್ದರೂ ಇರುತ್ತದೆ. ಜಾತಿ ಹಾಗಲ್ಲ. ಜನ ಅದರಂತೆ ನಡೆದುಕೊಳ್ಳುವುದರಿಂದ ಅದು ಇದೆ. ಹಾಗಂತ ‘ನಾನು ಜಾತಿ ಬಿಟ್ಟೆ’ ಎಂದ ಕೂಡಲೇ ಅದು ನಿಮ್ಮನ್ನು ಬಿಡುವುದಿಲ್ಲ. ಬಾಡಿಗೆ ಮನೆ ಕೇಳಲು ಹೋಗಿ, ‘ನೀವು ಯಾವ ಜನ?’ ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ. ಕಲ್ಲಿನಂತೆ ಅದೂ ಕಾಲಿಗೆ ಎಡವುತ್ತದೆ. ಹಾಗಾದರೆ ಜಾತಿ ಯಾವ ಬಗೆಯ ‘ಇರುವಿಕೆ’? ಇದು ಆಂಟಾಲಜಿ.

ಇನ್ನು ಅದನ್ನು ತಿಳಿಯುವುದು ಹೇಗೆ? ಮನೆಮನೆಗೆ ಹೋಗಿ ‘ನೀವು ಜಾತಿ ಪಾಲಿಸುತ್ತೀರಾ?’ ಎಂದು ಕೇಳಿದರೆ ಒಂದು ಉತ್ತರ ಸಿಗುತ್ತದೆ. ಮದುವೆಯ ಲಗ್ನಪತ್ರಿಕೆಗಳನ್ನು ಒಟ್ಟು ಮಾಡಿ ನೋಡಿದರೆ ಇನ್ನೊಂದು. ಹಬ್ಬದ ದಿನ ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ನೋಡಿದರೆ ಮತ್ತೊಂದು. ಯಾವುದನ್ನು ಎಷ್ಟು ನಂಬುತ್ತೀರಿ, ಯಾಕೆ? ಇದು ಎಪಿಸ್ಟೆಮಾಲಜಿ.

ಮೆಥಡ್, ಮೆಥಡಾಲಜಿ ಎರಡೂ ಒಂದೇ ಅಲ್ವಾ?

ಅಲ್ಲ. ಸಂದರ್ಶನ ಮಾಡಿದೆ ಎಂಬುದು ಮೆಥಡ್. ಈ ಪ್ರಶ್ನೆಗೆ ಸಂದರ್ಶನವೇ ಯಾಕೆ ಬೇಕಾಯಿತು ಎಂಬ ವಾದ ಮೆಥಡಾಲಜಿ. ತುಂಬಾ ಪ್ರಬಂಧಗಳಲ್ಲಿ ಎರಡನೆಯದು ಇರುವುದೇ ಇಲ್ಲ.

ಪಾಸಿಟಿವಿಸಂ ಅಂದರೇನು? ಎಲ್ಲರೂ ಅದನ್ನು ಬೈಯುತ್ತಾರಲ್ಲ?

ನಿಸರ್ಗ ವಿಜ್ಞಾನಗಳು ನಡೆದ ದಾರಿಯಲ್ಲೇ ಸಮಾಜವನ್ನೂ ತಿಳಿಯಬಹುದು, ಕಣ್ಣಿಗೆ ಕಾಣುವ, ಅಳೆಯಬಲ್ಲ ಸಂಗತಿಗಳೇ ಆಧಾರ ಎಂಬ ನಂಬಿಕೆ ಅದು. 19ನೇ ಶತಮಾನದಲ್ಲಿ ಫ್ರಾನ್ಸಿನ ಆಗಸ್ಟ್ ಕಾಮ್ಟ್ ಅದಕ್ಕೆ ಹೆಸರು ಕೊಟ್ಟರು. ಅದನ್ನು ಕೆಲಸಕ್ಕೆ ಹಚ್ಚಿ ತೋರಿಸಿದವರು ಅವರ ದೇಶದವರೇ ಆದ ಎಮಿಲ್ ಡರ್ಕೈಮ್. 1897ರಲ್ಲಿ ಅವರು ಆತ್ಮಹತ್ಯೆಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ತೀರಾ ಖಾಸಗಿ ಎನ್ನಿಸುವ ಆ ನೋವಿಗೂ ಸಮಾಜದಲ್ಲಿ ಕಾರಣಗಳಿವೆ, ಜನರ ನಡುವಿನ ನಂಟು ಸಡಿಲಾದ ಕಡೆ ಆ ಪ್ರಮಾಣ ಜಾಸ್ತಿ ಎಂದು ಸರ್ಕಾರಿ ಅಂಕಿಅಂಶ ಇಟ್ಟುಕೊಂಡು ವಾದಿಸಿದರು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಪಾಸಿಟಿವಿಸಂ ಬೈಗುಳ ಅಲ್ಲ. ಪುರಾವೆ ತೋರಿಸು ಎಂದು ಹಟ ಹಿಡಿಯುವ ಗುಣ ಅದರಿಂದಲೇ ನಮಗೆ ಬಂದಿದೆ.

ತೊಂದರೆ ಇರುವುದು ಬೇರೆ ಕಡೆ. ಆ ಸರ್ಕಾರಿ ಅಂಕಿಅಂಶ ಹುಟ್ಟುವುದು ಹೇಗೆ? ಮುಂದಿನ ಪ್ರಶ್ನೆ ನೋಡಿ.

ಹಾಗಾದರೆ ಅಂಕಿಅಂಶ ಎಲ್ಲಾ ಸುಳ್ಳಾ?

ಸುಳ್ಳಲ್ಲ. ಆದರೆ ಅದು ಯಾವುದರ ಎಣಿಕೆ ಎಂದು ಕೇಳಬೇಕು.

ನಮ್ಮಲ್ಲಿ ರೈತ ಆತ್ಮಹತ್ಯೆಯ ಲೆಕ್ಕ ನೋಡಿ. ಒಂದು ಸಾವು ಪರಿಹಾರದ ಪಟ್ಟಿಗೆ ಸೇರಬೇಕಾದರೆ ಕಾಗದಗಳು ಬೇಕು. ಪಹಣಿ, ಸಾಲದ ದಾಖಲೆ, ಪೊಲೀಸ್ ವರದಿ, ಮರಣೋತ್ತರ ಪರೀಕ್ಷೆಯ ವರದಿ. ಪಹಣಿ ಅಪ್ಪನ ಹೆಸರಲ್ಲೋ ಅಜ್ಜನ ಹೆಸರಲ್ಲೋ ಇದ್ದರೆ ಮಗ ‘ರೈತ’ ಎಂದು ತೋರಿಸುವುದು ಕಷ್ಟ. ಬೇರೆಯವರ ಹೊಲವನ್ನು ಗುತ್ತಿಗೆಗೋ ಕೋರಿಗೋ ಮಾಡುತ್ತಿದ್ದವರ ಹತ್ತಿರ ತೋರಿಸಲು ಕಾಗದವೇ ಇರುವುದಿಲ್ಲ. ಹೊಲದಲ್ಲಿ ಜೀವನಪೂರ್ತಿ ದುಡಿದ ಹೆಂಗಸು ದಾಖಲೆಯಲ್ಲಿ ರೈತನ ಹೆಂಡತಿ ಅಷ್ಟೇ. ಕೈಸಾಲ ಯಾವ ಕಾಗದಕ್ಕೂ ಬರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ 2014ರಿಂದ ರೈತರು, ಕೃಷಿ ಕಾರ್ಮಿಕರು ಎಂದು ಎರಡು ಬೇರೆ ವರ್ಗ ಮಾಡಿತು. ಆ ವರ್ಷದ ‘ರೈತರ’ ಸಂಖ್ಯೆಯನ್ನು ಹಿಂದಿನ ವರ್ಷದ್ದರ ಪಕ್ಕ ಇಟ್ಟು ಇಳಿಯಿತು ಎಂದರೆ, ಇಳಿದದ್ದು ಸಾವೋ ಅಥವಾ ವರ್ಗದ ಅಗಲವೋ?

ಅಂದರೆ ಆ ಸಂಖ್ಯೆ ಮೊದಲು ಹೇಳುವುದು ಕಡತಗಳ ಕಥೆಯನ್ನು. ಅದೂ ಮುಖ್ಯವಾದ ಕಥೆಯೇ. ಅಂಕಿಯನ್ನು ಬಿಸಾಡಬೇಡಿ, ಅದು ಯಾವ ಟೇಬಲ್ಲಿನಿಂದ ಯಾವ ಟೇಬಲ್ಲಿಗೆ ಹೋಗಿ ಹುಟ್ಟಿತು ಎಂದು ಹಿಂದಕ್ಕೆ ಹೋಗಿ ನೋಡಿ. ಹೀಗೆ ಹಿಂದಕ್ಕೆ ಹೋದ ವಿದ್ಯಾರ್ಥಿಗಳ ಪ್ರಬಂಧಗಳೇ ನನಗೆ ತುಂಬಾ ಇಷ್ಟ.

ಅಳೆಯುವುದು ಬಿಟ್ಟು ‘ಅರ್ಥ’ ಹುಡುಕುವ ದಾರಿ ಇದೆಯಂತಲ್ಲ, ಅದು ಏನು?

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಹೇಳಿದ್ದು ಸುಮಾರಾಗಿ ಇದು: ಮನುಷ್ಯ ಮಾಡುವ ಕೆಲಸವನ್ನು ತಿಳಿಯಬೇಕಾದರೆ ಅವನು ಅದಕ್ಕೆ ಕೊಡುವ ಅರ್ಥವನ್ನೂ ತಿಳಿಯಬೇಕು. ಹಣ್ಣು ಮರದಿಂದ ಯಾಕೆ ಬಿತ್ತು ಎಂದು ಹಣ್ಣನ್ನು ಕೇಳಬೇಕಿಲ್ಲ. ಮನುಷ್ಯರ ವಿಷಯ ಹಾಗಲ್ಲ.

ಮದುವೆ ಮನೆಯ ಮುಯ್ಯಿ ಪುಸ್ತಕ ನೋಡಿದ್ದೀರಾ? ಚಪ್ಪರದ ಒಂದು ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಒಬ್ಬರು ಕೂತಿರುತ್ತಾರೆ. ಯಾರು, ಯಾವ ಊರು, ಎಷ್ಟು ರೂಪಾಯಿ, ಸಾಲಾಗಿ ಬರೆಯುತ್ತಾರೆ. ಆ ಪುಸ್ತಕ ಟ್ರಂಕಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮುಯ್ಯಿ ಹಾಕಿದವರ ಮನೆಯಲ್ಲಿ ಮದುವೆ ಬಂದಾಗ ಇವರು ಪುಸ್ತಕ ತೆಗೆದು ನೋಡಿ, ಅದಕ್ಕಿಂತ ಸ್ವಲ್ಪ ಮೇಲೆ ಹಾಕುತ್ತಾರೆ. ನೀವು ಸರ್ವೆ ಫಾರಂನಲ್ಲಿ ಇದನ್ನು ಎಲ್ಲಿ ಬರೆಯುತ್ತೀರಿ? ಉಡುಗೊರೆಯಾ? ವಾಪಸು ಕೊಡಲೇಬೇಕಲ್ಲ. ಸಾಲವಾ? ಬಡ್ಡಿ ಇಲ್ಲ, ವಾಯಿದೆ ಇಲ್ಲ, ಕೇಳುವ ಹಾಗೂ ಇಲ್ಲ. ಉಳಿತಾಯವಾ? ಕೆಲವರು ಹಾಗೆಯೇ ಹೇಳುತ್ತಾರೆ.

ಈಗ ಪದವನ್ನೇ ಗಮನಿಸಿ. ಹೊಲದ ಕೆಲಸಕ್ಕೆ ಒಬ್ಬರಿಗೊಬ್ಬರು ಹೋಗುವವರು ಮುಯ್ಯಾಳುಗಳು. ಹಗೆ ತೀರಿಸಿಕೊಂಡರೆ ಅದೂ ‘ಮುಯ್ಯಿ ತೀರಿಸಿಕೊಂಡ’. ಕೊಟ್ಟದ್ದು ತಿರುಗಿ ಬರಲೇಬೇಕು ಎಂಬ ಒಂದು ದೊಡ್ಡ ವಿಚಾರ ಈ ಪುಟ್ಟ ಪದದೊಳಗೆ ಕೂತಿದೆ. ಮೊತ್ತ ಎಷ್ಟು ಎಂದು ಕೂಡಿಸುವುದು ಸುಲಭ. ಕಡಿಮೆ ಮುಯ್ಯಿ ಹಾಕಿದವರ ಮನೆಗೆ ಮುಂದೆ ಹೋಗಿ ಬರುವುದೇ ನಿಂತುಹೋಯಿತು ಎಂಬುದು ಮೊತ್ತದಲ್ಲಿ ಕಾಣುವುದಿಲ್ಲ. ಅದನ್ನು ಕಾಣುವ ಕೆಲಸಕ್ಕೆ ಅರ್ಥೈಸುವ ಮಾರ್ಗ ಎನ್ನುತ್ತಾರೆ.

ಒಂದೋ ಎರಡೋ ಹಳ್ಳಿ ನೋಡಿ ಸಮಾಜದ ಬಗ್ಗೆ ಮಾತಾಡಬಹುದಾ? ಸ್ಯಾಂಪಲ್ ಸಾಲುವುದಿಲ್ಲ ಅಲ್ವಾ?

ಇದಕ್ಕೆ ಮಂಡ್ಯದ ಕಡೆಯಿಂದಲೇ ಉತ್ತರ ಇದೆ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡಿಗೆ ಬಂದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಅವಕ್ಕೆ ವಂಗಲ, ದಲೇನ ಎಂದು ಹೆಸರಿಟ್ಟರು. ವಂಗಲಕ್ಕೆ ಕಾವೇರಿ ನಾಲೆಯ ನೀರು ಬಂತು. ದಲೇನ ನಾಲೆಗಿಂತ ಎತ್ತರದಲ್ಲಿತ್ತು. ನೀರು ಹತ್ತಲಿಲ್ಲ, ಹೊಲ ಒಣಭೂಮಿಯಾಗಿಯೇ ಉಳಿಯಿತು. ಅದೇ ಸೀಮೆ, ಅದೇ ಭಾಷೆ, ಎರಡೂ ಕಡೆ ಒಕ್ಕಲಿಗರದ್ದೇ ಮೇಲುಗೈ.

ಯಾವ ಊರು ಜಾಸ್ತಿ ಬದಲಾಗಿರಬೇಕು? ದುಡ್ಡು ಬಂದ ಊರು ಎಂದು ಯಾರಾದರೂ ಹೇಳಿಯಾರು. ಎಪ್‌ಸ್ಟೀನ್ ಕಂಡದ್ದು ಬೇರೆ. ವಂಗಲದವರು ಕಬ್ಬು, ಭತ್ತ ಬೆಳೆದು ಸ್ಥಿತಿವಂತರಾದರು. ಆದರೆ ಕಸುಬು ಬೇಸಾಯವೇ ಆಗಿತ್ತು. ಜಮೀನಿನ ಕೆಲಸಕ್ಕೆ ಆಳುಗಳು ಇನ್ನೂ ಹೆಚ್ಚು ಬೇಕಾದರು. ಹಾಗಾಗಿ ಒಕ್ಕಲಿಗರ ಮನೆಗಳಿಗೂ ದಲಿತರ ಮನೆಗಳಿಗೂ ತಲೆತಲಾಂತರದಿಂದ ಇದ್ದ ಹಳೆಯ ಸಂಬಂಧ ಬಹುಮಟ್ಟಿಗೆ ಹಾಗೇ ಉಳಿಯಿತು. ನೀರಿಲ್ಲದ ದಲೇನದವರು ಹೊರಗೆ ನೋಡಬೇಕಾಯಿತು. ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕಿಳಿದರು, ಗಾಡಿಯಲ್ಲಿ ಕಬ್ಬು ಸಾಗಿಸಿದರು. ವಂಶಪಾರಂಪರ್ಯದ ಯಜಮಾನಿಕೆ, ಹಳೆಯ ಕೊಡು-ಕೊಳ್ಳುವಿಕೆ ಸಡಿಲವಾದದ್ದು ಅಲ್ಲಿ.

1962ರಲ್ಲಿ ಪುಸ್ತಕ ಬಂತು. 1970ರಲ್ಲಿ ಅವರು ಮತ್ತೆ ಅದೇ ಹಳ್ಳಿಗಳಿಗೆ ಬಂದು ನೋಡಿದರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಈ ಎರಡನೆಯ ಭೇಟಿಯಿಂದ. ತಾವು ಹೇಳಿದ್ದು ನಿಲ್ಲುತ್ತದಾ ಎಂದು ತಾವೇ ಹೋಗಿ ನೋಡುವವರು ಕಡಿಮೆ.

ಎರಡು ಹಳ್ಳಿಯಿಂದ ‘ಕರ್ನಾಟಕದಲ್ಲಿ ಶೇಕಡಾ ಇಷ್ಟು’ ಎಂದು ಹೇಳಲಾಗುವುದಿಲ್ಲ. ಅದಕ್ಕೆ ಸ್ಯಾಂಪಲ್ ಬೇಕೇ ಬೇಕು. ಆದರೆ ‘ದುಡ್ಡು ಬಂದರೆ ಸಮಾಜ ಬದಲಾಗುತ್ತದೆ’ ಎಂಬ ಸಾಮಾನ್ಯ ಮಾತು ಎಲ್ಲಿ ಕುಂಟುತ್ತದೆ, ಯಾವ ದಾರಿಯಲ್ಲಿ ಬದಲಾವಣೆ ಬರುತ್ತದೆ ಎಂದು ತೋರಿಸಲು ಚೆನ್ನಾಗಿ ಆರಿಸಿದ ಎರಡು ಹಳ್ಳಿ ಸಾಕು. ಎಷ್ಟು ಮಂದಿಯನ್ನು ಕೇಳಿದಿರಿ ಎಂಬುದಕ್ಕಿಂತ ಮೊದಲು, ಏನನ್ನು ಹೇಳಲು ಹೊರಟಿದ್ದೀರಿ ಎಂಬುದು ತೀರ್ಮಾನವಾಗಬೇಕು.

ಹೈಪಾಥಿಸಿಸ್ ‘ಸಾಬೀತಾಯಿತು’ ಎಂದು ಬರೆದೆ. ಗೈಡ್ ಅದನ್ನು ಹೊಡೆದುಹಾಕಿದರು. ಯಾಕೆ?

ಅವರು ಸರಿ. ಹೈಪಾಥಿಸಿಸ್ ಅಂದರೆ ಪರೀಕ್ಷೆ ಮಾಡಿ ನೋಡಲು ಮುಂದಿಟ್ಟ ಊಹೆ. ತತ್ವಶಾಸ್ತ್ರಜ್ಞ ಕಾರ್ಲ್ ಪಾಪ್ಪರ್ 1934ರಲ್ಲೇ ಈ ವಾದ ಮುಂದಿಟ್ಟರು. ಒಂದು ಮಾತಿಗೆ ಎಷ್ಟು ಉದಾಹರಣೆ ಕೂಡಿಸಿದರೂ ಅದು ಪೂರ್ತಿ ಸಾಬೀತಾಗುವುದಿಲ್ಲ. ಒಂದು ಎದುರು ಉದಾಹರಣೆ ಸಾಕು ಅದು ಅಲ್ಲಾಡಲು. ಆದ್ದರಿಂದ ಯಾವುದು ಕಂಡರೆ ನನ್ನ ಮಾತು ತಪ್ಪು ಎಂದು ಮೊದಲೇ ಹೇಳಬೇಕು. ಏನೇ ಆದರೂ ತಪ್ಪಾಗದ ಮಾತು ವಿಜ್ಞಾನದ ಮಾತಲ್ಲ. ಸಮಾಜದ ವಿಷಯದಲ್ಲಿ ಒಂದೇ ಏಟಿಗೆ ಸಿದ್ಧಾಂತ ಬೀಳುವುದಿಲ್ಲ, ಅದು ನಿಜ. ಆದರೂ ಸಿನಾಪ್ಸಿಸ್ ಬರೆಯುವಾಗ ‘ಕ್ಷೇತ್ರದಲ್ಲಿ ಏನು ಕಂಡರೆ ನನ್ನ ಅಭಿಪ್ರಾಯ ಬದಲಿಸಿಕೊಳ್ಳುತ್ತೇನೆ?’ ಎಂದು ಒಂದು ಸಾಲು ಬರೆದಿಡಿ. ಬರೆಯಲು ಆಗದಿದ್ದರೆ ಹೈಪಾಥಿಸಿಸ್ ಇನ್ನೂ ಹಣ್ಣಾಗಿಲ್ಲ.

‘ಪ್ಯಾರಡೈಮ್’ ಎಂಬ ಪದವನ್ನು ಎಲ್ಲರೂ ಬಳಸುತ್ತಾರೆ. ಎಲ್ಲಿಂದ ಬಂತು?

ತಾಮಸ್ ಕೂನ್ ಅವರ 1962ರ ಪುಸ್ತಕದಿಂದ ಅದು ಹೆಸರುವಾಸಿಯಾಯಿತು. ಭೌತಶಾಸ್ತ್ರ ಓದಿದ ಕೂನ್ 1958-59ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಒಂದು ಉನ್ನತ ಅಧ್ಯಯನ ಕೇಂದ್ರದಲ್ಲಿ ಸಮಾಜವಿಜ್ಞಾನಿಗಳ ನಡುವೆ ಒಂದು ವರ್ಷ ಕಳೆದರು. ಯಾವುದು ಸರಿಯಾದ ಪ್ರಶ್ನೆ, ಯಾವುದು ಸರಿಯಾದ ವಿಧಾನ ಎಂಬುದರ ಬಗ್ಗೆಯೇ ಇವರು ಇಷ್ಟೊಂದು ಜಗಳ ಆಡುತ್ತಾರಲ್ಲ, ಭೌತವಿಜ್ಞಾನಿಗಳು ಯಾಕೆ ಆಡುವುದಿಲ್ಲ ಎಂದು ಅವರಿಗೆ ಅಚ್ಚರಿಯಾಯಿತು. ಒಂದು ಕಾಲದ ವಿಜ್ಞಾನಿಗಳು ಪ್ರಶ್ನಿಸದೆ ಒಪ್ಪಿಕೊಂಡಿರುವ ಮಾದರಿಯೇ ಪ್ಯಾರಡೈಮ್ ಎಂಬ ವಿಚಾರ ಅಲ್ಲಿ ಮೊಳಕೆಯೊಡೆಯಿತು. ನಮ್ಮ ಜಗಳದಿಂದಲೇ ಹುಟ್ಟಿದ ಪದ ಅದು.

ಅದೇ ಕೇಂದ್ರಕ್ಕೂ ಮೈಸೂರಿಗೂ ಒಂದು ನಂಟಿದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ತಾವು ‘ರಾಂಪುರ’ ಎಂದು ಕರೆದ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದ್ದರು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿ ಆ ಕೇಂದ್ರದ ಕೋಣೆಯಲ್ಲಿದ್ದವು. 1970ರ ಏಪ್ರಿಲ್ 24ರಂದು ಯಾರೋ ಇಟ್ಟ ಬೆಂಕಿಗೆ ಅವು ಸುಟ್ಟುಹೋದವು. ಆಮೇಲೆ ಅವರು ಮುಖ್ಯವಾಗಿ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ನೆನಪು ಪುರಾವೆ ಆಗುತ್ತದಾ? ಟಿಪ್ಪಣಿ ಇದ್ದಿದ್ದರೂ ಅದನ್ನು ಬರೆದದ್ದು ಒಬ್ಬ ಮನುಷ್ಯನ ಕಣ್ಣೇ ಅಲ್ವಾ? ತರಗತಿಯಲ್ಲಿ ಎಪಿಸ್ಟೆಮಾಲಜಿ ಪಾಠವನ್ನು ನಾನು ಶುರು ಮಾಡುವುದು ಈ ಬೆಂಕಿಯಿಂದ.

ನಾನು ಅಧ್ಯಯನ ಮಾಡುತ್ತಿರುವುದು ನನ್ನದೇ ಊರು, ನನ್ನದೇ ಜನ. ನಿಷ್ಪಕ್ಷಪಾತ ಆಗಿರಲು ಸಾಧ್ಯವಾ?

ಹೊರಗಿನವರಿಗೆ ಪಕ್ಷಪಾತ ಇರುವುದಿಲ್ಲ ಎಂಬ ಊಹೆ ಈ ಪ್ರಶ್ನೆಯೊಳಗೆ ಅಡಗಿದೆ. ಅದು ಸರಿಯಲ್ಲ.

ಶ್ರೀನಿವಾಸ್ ಅವರನ್ನೇ ನೋಡಿ. ಕನ್ನಡ ಬಲ್ಲವರು, ಅದೇ ಸೀಮೆಯವರು. ಆದರೆ ಊರಿನವರ ಕಣ್ಣಲ್ಲಿ ಅವರು ಬ್ರಾಹ್ಮಣರು, ಊರ ಯಜಮಾನರ ಆಶ್ರಯದಲ್ಲಿ ಇದ್ದವರು. ದಲಿತರ ಕೇರಿಯಿಂದ ನೋಡಿದ್ದರೆ ಊರು ಬೇರೆಯಾಗಿ ಕಾಣುತ್ತಿತ್ತು ಎಂದು ಮುಂದೆ ಅವರೇ ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದು ಅವರ ಬರಹದ ತೂಕ ಹೆಚ್ಚಿಸಿತು. ಇನ್ನೊಂದು ಕಡೆ ಅಂಬೇಡ್ಕರ್. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಬಗ್ಗೆ ಪ್ರಬಂಧ ಮಂಡಿಸಿದಾಗ ಅವರಿಗೆ 25 ವರ್ಷ. ಆ ಕಾಲದ ದೊಡ್ಡ ವಿದ್ವಾಂಸರ ಸಿದ್ಧಾಂತಗಳನ್ನು ಒಂದೊಂದಾಗಿ ಎತ್ತಿಕೊಂಡು, ಜಾತಿಯ ತಿರುಳು ಇರುವುದು ಒಳಮದುವೆಯಲ್ಲಿ, ಅಂದರೆ ತಮ್ಮ ಜಾತಿಯೊಳಗೇ ಮದುವೆಯಾಗುವುದರಲ್ಲಿ, ಎಂದು ವಾದಿಸಿದರು. ಜಾತಿಯ ಪೆಟ್ಟು ತಿಂದವರು ಅದರ ಬಗ್ಗೆ ಬರೀ ‘ಅನುಭವ’ ಹೇಳಬೇಕು, ಸಿದ್ಧಾಂತ ಕಟ್ಟುವುದು ಬೇರೆಯವರ ಕೆಲಸ ಎಂಬ ಹಂಚಿಕೆಯನ್ನು ಅವರು ಆಗಲೇ ಮುರಿದಿದ್ದರು.

ಆ ಹಂಚಿಕೆ ಇನ್ನೂ ಹೋಗಿಲ್ಲ. 2002ರಲ್ಲಿ ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು ಈ ಮಾತನ್ನು ನೇರವಾಗಿ ಎತ್ತಿದರು: ನಮ್ಮ ಸಮಾಜವಿಜ್ಞಾನದಲ್ಲಿ ಸಿದ್ಧಾಂತದ ಬ್ರಾಹ್ಮಣರೂ ಮಾಹಿತಿ ಹೊರುವ ಶೂದ್ರರೂ ಇದ್ದಾರೆ ಎಂದು. ತತ್ವಶಾಸ್ತ್ರಜ್ಞ ಸುಂದರ್ ಸಾರುಕ್ಕೈ ಅವರೊಡನೆ ಈ ವಾದ ಬೆಳೆದು 2012ರಲ್ಲಿ ಪುಸ್ತಕವಾಯಿತು. ಅನುಭವ ಇಲ್ಲದವರು ಸಿದ್ಧಾಂತ ಕಟ್ಟಬಹುದೇ, ಅನುಭವ ಇದ್ದ ಮಾತ್ರಕ್ಕೆ ಸಿದ್ಧಾಂತ ಆಗುತ್ತದೆಯೇ ಎಂಬ ಎರಡೂ ಪ್ರಶ್ನೆಗಳು ಅಲ್ಲಿವೆ. ನಿಮ್ಮ ಊರಿಗೆ ಹೊರಡುವ ಮುಂಚೆ ಅದನ್ನು ಓದಿ ಎಂದು ನಾನು ಒತ್ತಾಯ ಮಾಡುತ್ತೇನೆ.

ಊರಿನ ನಿಜ ಹೆಸರು ಹಾಕಬೇಕಾ?

ಸಾಮಾನ್ಯವಾಗಿ ಬೇಡ. ರಾಂಪುರ, ವಂಗಲ, ದಲೇನ ಮೂರೂ ಇಟ್ಟ ಹೆಸರುಗಳೇ. ಆದರೆ ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳಬೇಡಿ. ‘ಊರಿನ ಏಕೈಕ ವಿಧವೆ ಟೀಚರ್’ ಎಂದು ಬರೆದರೆ ಊರವರಿಗೆಲ್ಲ ಗೊತ್ತಾಗುತ್ತದೆ.

ನಾವು ಇಡುವ ಹೆಸರಿನಿಂದ ಜನ ಬದಲಾಗುತ್ತಾರಾ?

ಆಗುತ್ತಾರೆ. 1901ರ ಜನಗಣತಿಯಲ್ಲಿ ಅದರ ಮುಖ್ಯಸ್ಥರಾಗಿದ್ದ ಬ್ರಿಟಿಷ್ ಅಧಿಕಾರಿ ರಿಸ್ಲೆ ಜಾತಿಗಳನ್ನು ಮೇಲು-ಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟರು. ತಮ್ಮ ಜಾಗ ಮೇಲಿರಬೇಕು ಎಂದು ಅರ್ಜಿಗಳ ಮೇಲೆ ಅರ್ಜಿ ಬಂದವು, ಅದಕ್ಕಾಗಿ ಜಾತಿ ಸಂಘಗಳು ಚುರುಕಾದವು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ‘ಹಿಂದುಳಿದವರು’ ಎಂಬುದನ್ನು ಆಡಳಿತದ ವರ್ಗವಾಗಿ ಗುರುತಿಸಿತು. ಆ ಪದ ಹಿಡಿದು ಜನ ಹಕ್ಕು ಕೇಳಿದರು, ಸಂಘಟಿತರಾದರು. ನಕ್ಷತ್ರಕ್ಕೆ ಏನು ಹೆಸರಿಟ್ಟರೂ ಅದು ತನ್ನ ಪಾಡಿಗೆ ಇರುತ್ತದೆ. ಮನುಷ್ಯರು ನಮ್ಮ ಹೆಸರನ್ನು ಕೇಳಿಸಿಕೊಳ್ಳುತ್ತಾರೆ.

ಪ್ರಬಂಧದಲ್ಲಿ ಇದನ್ನೆಲ್ಲ ಎಷ್ಟು ಪುಟ ಬರೆಯಬೇಕು?

ನಾಲ್ಕೈದು ಪುಟ ಸಾಕು. ಕಾಮ್ಟ್‌ನಿಂದ ಶುರು ಮಾಡಿ ಇತಿಹಾಸ ಬರೆಯಬೇಡಿ. ನಿಮ್ಮ ಪ್ರಶ್ನೆ ಏನನ್ನು ‘ಇದೆ’ ಎಂದು ಒಪ್ಪಿಕೊಂಡಿದೆ, ಅದನ್ನು ಹೇಗೆ ತಿಳಿದಿರಿ, ನೀವು ನಿಂತ ಜಾಗದಿಂದ ಏನು ಕಾಣಲಿಲ್ಲ, ಇಷ್ಟನ್ನು ನಿಮ್ಮ ಕ್ಷೇತ್ರದ ಉದಾಹರಣೆ ಕೊಟ್ಟು ಬರೆಯಿರಿ. ವೈವಾದಲ್ಲಿ ಕೇಳುವುದೂ ಇದನ್ನೇ.

ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಮಾಡಿ ಕನ್ನಡಕ್ಕೆ ಅನುವಾದ ಮಾಡಿದರೆ ಸಾಲದೇ?

ಸಾಲದು. ‘ಹೌಸ್‌ಹೋಲ್ಡ್’ ಎಂಬುದನ್ನೇ ನೋಡಿ. ಅದನ್ನು ‘ಮನೆ’ ಎಂದು ಅನುವಾದ ಮಾಡಿ ಒಂದು ತೊಟ್ಟಿ ಮನೆಗೆ ಹೋದರೆ, ಒಂದೇ ಮನೆ ಎಂದು ಬರೆದುಕೊಂಡು ಬರುತ್ತೀರಿ. ಒಳಗೆ ಮೂವರು ಅಣ್ಣತಮ್ಮಂದಿರು ಬೇರೆಯಾಗಿರುತ್ತಾರೆ. ಮೂರು ಒಲೆ, ಮೂರು ರೇಷನ್ ಕಾರ್ಡು, ದೇವರ ಕೋಣೆ ಒಂದೇ. ಜನಗಣತಿಯ ಲೆಕ್ಕದಲ್ಲೂ ಕುಟುಂಬ ಅಂದರೆ ಒಂದೇ ಅಡುಗೆಯಲ್ಲಿ ಉಣ್ಣುವವರು. ‘ಎಷ್ಟು ಮನೆ?’ ಎನ್ನುವ ಬದಲು ‘ಎಷ್ಟು ಒಲೆ?’ ಎಂದು ಕೇಳಿದರೆ ಅಜ್ಜಿಯೇ ಬೆರಳು ಮಡಚಿ ಹೇಳುತ್ತಾರೆ. ಯಾವಾಗ ಬೇರೆಯಾದರು, ಯಾಕೆ ಆದರು, ಅವ್ವನ ಊಟ ಯಾರ ಪಾಲಿಗೆ ಬಂತು ಎಂಬುದೂ ಅದೇ ಉಸಿರಿನಲ್ಲಿ ಬರುತ್ತದೆ. ಫಾರಂ ಅಚ್ಚು ಹಾಕಿಸುವ ಮುಂಚೆ ಐದಾರು ಮನೆಗಳಲ್ಲಿ ಕೂತು ಕೇಳಿ ನೋಡಿ. ಬರೆದುಕೊಳ್ಳಲು ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟಿರಿ.